ರಂಗೋಲಿ ಕೆಳಗೆ ತೂರಿದ ರೈಫಲ್

ಕ್ಯಾಲಿಫೋರ್ನಿಯಾದ ನ್ಯಾಯ ಇಲಾಖೆ 2000ನೇ ಇಸವಿಯಲ್ಲಿ ರೂಪಿಸಿದ ನಿಯಮವೊಂದರಲ್ಲಿ ಒಂದು ಪುಟ್ಟ ವಾಕ್ಯವಿತ್ತು. ಬಂದೂಕಿನ ಗುಂಡನ್ನು ಒಂದು ಉಪಕರಣವೆಂದು ಪರಿಗಣಿಸಬೇಕು ಎಂಬುದು ಅದರ ತಾತ್ಪರ್ಯ. ಕಾನೂನಿನ ಕಣ್ಣಿಗೆ ಸ್ಕ್ರೂಡ್ರೈವರ್, ಸ್ಪ್ಯಾನರ್ ಹೇಗೋ ಗುಂಡೂ ಹಾಗೆಯೇ. ಸರ್ಕಾರಿ ಕಡತದಲ್ಲಿ ಯಾರೂ ಎರಡು ಸಲ ಓದದಂಥ ಸಾಲು. ಆದರೆ ಆ ರಾಜ್ಯದ ಬಂದೂಕುದಾರರು ಅದನ್ನು ನೂರು ಸಲ ಓದಿದರು. ಆ ಸಾಲಿನ ಬೆನ್ನ ಮೇಲೆ ಒಂದು ಪುಟ್ಟ ಉದ್ಯಮವೇ ಹುಟ್ಟಿತು. ಅದನ್ನು ಮುಚ್ಚಿಸುತ್ತೇನೆಂದು ಎದ್ದ ಸೆನೆಟರ್ ಒಬ್ಬ, ನಂಬಲಾಗದ ಕಾರಣಕ್ಕೆ, ತಾನೇ ಜೈಲಿಗೆ ಹೋದ. ಆ ಸಾಲಿನಿಂದ ಹುಟ್ಟಿದ ದಾರಿಯನ್ನು ಮುಚ್ಚಲು ಸರ್ಕಾರಕ್ಕೆ ಹದಿನಾರು ವರ್ಷ ಬೇಕಾಯಿತು.

ಕಥೆ ಶುರುವಾಗುವುದು ಅದಕ್ಕೂ ಹನ್ನೊಂದು ವರ್ಷ ಮೊದಲು, ಸ್ಟಾಕ್ಟನ್ ಎಂಬ ಊರಿನಲ್ಲಿ.

1989ರ ಜನವರಿ 17, ಮಂಗಳವಾರ. ಕ್ಲೀವ್‌ಲ್ಯಾಂಡ್ ಎಲಿಮೆಂಟರಿ ಶಾಲೆಯ ಮಕ್ಕಳು ಮಧ್ಯಾಹ್ನದ ಬಿಡುವಿನಲ್ಲಿ ಮೈದಾನದಲ್ಲಿ ಆಡುತ್ತಿದ್ದರು. ಇಪ್ಪತ್ತರ ಹರೆಯದ ಒಬ್ಬ ತನ್ನ ಕಾರಿಗೆ ಬೆಂಕಿ ಹಚ್ಚಿ, ಮೈದಾನಕ್ಕೆ ಬಂದು, ಕೆಲವೇ ನಿಮಿಷಗಳಲ್ಲಿ ನೂರಕ್ಕೂ ಹೆಚ್ಚು ಗುಂಡು ಹಾರಿಸಿದ. ಐದು ಮಕ್ಕಳು ಸತ್ತರು, ಮೂವತ್ತಕ್ಕೂ ಹೆಚ್ಚು ಜನ ಗಾಯಗೊಂಡರು. ಕೊನೆಗೆ ಅವನು ತನಗೂ ಗುಂಡಿಟ್ಟುಕೊಂಡ. ಸತ್ತ ಮಕ್ಕಳಲ್ಲಿ ನಾಲ್ವರು ಕಾಂಬೋಡಿಯಾ ಮೂಲದವರು, ಒಂದು ಮಗು ವಿಯೆಟ್ನಾಂ ಮೂಲದ್ದು. ಯುದ್ಧ ಮತ್ತು ನರಮೇಧದಿಂದ ತಪ್ಪಿಸಿಕೊಂಡು ಬಂದ ನಿರಾಶ್ರಿತರ ಮಕ್ಕಳು. ಅವರನ್ನು ಕೊಂದದ್ದು ಚೀನಾದಲ್ಲಿ ತಯಾರಾದ, ಕಲಾಶ್ನಿಕೋವ್ ಮಾದರಿಯ ಅರೆ ಸ್ವಯಂಚಾಲಿತ ರೈಫಲ್. ಅಪ್ಪ ಅಮ್ಮಂದಿರು ಯಾವ ಬಂದೂಕಿಗೆ ಹೆದರಿ ದೇಶ ಬಿಟ್ಟಿದ್ದರೋ ಅದರ ಸೋದರ ಸಂಬಂಧಿ ಇದು. ಕೊಲೆಗಾರ ಅದನ್ನು ಪಕ್ಕದ ಆರೆಗಾನ್ ರಾಜ್ಯದ ಅಂಗಡಿಯಲ್ಲಿ ದುಡ್ಡು ಕೊಟ್ಟು, ಕಾನೂನುಬದ್ಧವಾಗಿಯೇ ಕೊಂಡಿದ್ದ.

ಅರೆ ಸ್ವಯಂಚಾಲಿತ ಎಂದರೆ ಇಷ್ಟೇ: ಒಂದು ಸಲ ಟ್ರಿಗರ್ ಒತ್ತಿದರೆ ಒಂದೇ ಗುಂಡು ಹಾರುತ್ತದೆ, ಮುಂದಿನ ಗುಂಡು ತಾನಾಗಿಯೇ ನಳಿಗೆಗೆ ಏರುತ್ತದೆ. ಟ್ರಿಗರ್ ಹಿಡಿದಷ್ಟು ಹೊತ್ತೂ ಸುರಿಯುವ ಮಷೀನ್ ಗನ್ ಬೇರೆ. ಅದಕ್ಕೆ ಅಮೆರಿಕದಲ್ಲಿ 1934ರಿಂದಲೂ ಕಟ್ಟುನಿಟ್ಟಿನ ಕಾನೂನಿದೆ. ಜಿಂಕೆ ಬೇಟೆಗೆ ಬಳಸುವ ಎಷ್ಟೋ ರೈಫಲ್‌ಗಳೂ ಅರೆ ಸ್ವಯಂಚಾಲಿತವೇ. ಶಾಸಕರ ಮುಂದಿದ್ದ ತೊಡಕು ಇದೇ. ಬೇಟೆಗಾರನ ಬಂದೂಕನ್ನು ಮುಟ್ಟಬಾರದು, ಸ್ಟಾಕ್ಟನ್‌ನಲ್ಲಿ ಬಳಕೆಯಾದಂಥದ್ದು ಅಂಗಡಿಯಲ್ಲಿ ಸಿಗಬಾರದು. ಒಳಗಿನ ಯಂತ್ರ ಎರಡರಲ್ಲೂ ಒಂದೇ ತೆರನಾಗಿರುವಾಗ ಗೆರೆ ಎಲ್ಲಿ ಎಳೆಯುವುದು?

ಮೊದಲ ಉತ್ತರ: ಹೆಸರು ಹಿಡಿದು ನಿಷೇಧಿಸುವುದು. ಸೆನೆಟಿನ ಡೇವಿಡ್ ರಾಬರ್ಟಿ, ಅಸೆಂಬ್ಲಿಯ ಮೈಕ್ ರೂಸ್ ಮಂಡಿಸಿದ ಮಸೂದೆ ಐವತ್ತಕ್ಕೂ ಹೆಚ್ಚು ಬಂದೂಕುಗಳ ಹೆಸರನ್ನು ಪಟ್ಟಿ ಮಾಡಿ ಅವುಗಳಿಗೆ ‘ಅಸಾಲ್ಟ್ ವೆಪನ್’ ಎಂಬ ಹಣೆಪಟ್ಟಿ ಹಚ್ಚಿತು. 1989ರ ಮೇ ತಿಂಗಳಲ್ಲಿ ಅದಕ್ಕೆ ಅಂಕಿತ ಹಾಕಿದವರು ರಿಪಬ್ಲಿಕನ್ ಗವರ್ನರ್ ಜಾರ್ಜ್ ಡ್ಯೂಕ್‌ಮೇಜಿಯನ್. 1982ರಲ್ಲಿ ಪಿಸ್ತೂಲು ನಿಯಂತ್ರಣದ ಮತಪ್ರಸ್ತಾವವೊಂದನ್ನು ಸೋಲಿಸಲು ಮತಗಟ್ಟೆಗೆ ಮುಗಿಬಿದ್ದ ಬಂದೂಕುದಾರರ ವೋಟೂ ಸೇರಿ ಕೂದಲೆಳೆಯ ಅಂತರದಲ್ಲಿ ಗೆದ್ದಿದ್ದ ವ್ಯಕ್ತಿ ಅವರು. ಅಮೆರಿಕದಲ್ಲಿ ಇಂಥ ಕಾನೂನು ತಂದ ಮೊದಲ ರಾಜ್ಯ ಕ್ಯಾಲಿಫೋರ್ನಿಯಾ. ಪಟ್ಟಿಯಲ್ಲಿದ್ದ ಬಂದೂಕನ್ನು ಆಗಲೇ ಹೊಂದಿದ್ದವರು ನೋಂದಾಯಿಸಿ ಇಟ್ಟುಕೊಳ್ಳಬಹುದಿತ್ತು. ನೋಂದಾಯಿಸಲು ಬಂದವರು ಸರ್ಕಾರದ ಅಂದಾಜಿಗಿಂತ ತೀರಾ ಕಡಿಮೆ. ಗಡುವನ್ನು ಮುಂದೂಡಿದರೂ ಸಾಲು ಬೆಳೆಯಲಿಲ್ಲ. ರಾಜ್ಯದ ಮಾತು ಪೂರ್ತಿ ನಡೆಯುವುದಿಲ್ಲ ಎಂಬುದಕ್ಕೆ ಅದೇ ಮೊದಲ ಸೂಚನೆ.

ಎರಡನೇ ಸೂಚನೆ ಕಾರ್ಖಾನೆಗಳಿಂದ ಬಂತು. ಹೆಸರೇ ಅಪರಾಧವಾದರೆ ಹೆಸರು ಬದಲಿಸಿದರಾಯಿತಲ್ಲ! ಪಟ್ಟಿಯಲ್ಲಿ ‘ಕೋಲ್ಟ್ ಎಆರ್-15’ ಎಂದಿತ್ತು. ಕಂಪನಿ ಒಂದಷ್ಟು ಮಾರ್ಪಾಡು ಮಾಡಿ ‘ಸ್ಪೋರ್ಟರ್’ ಎಂದು ಮಾರಿತು. ಟೆಕ್-9 ಎಂಬ ಕುಖ್ಯಾತ ಪಿಸ್ತೂಲು ಟೆಕ್-ಡಿಸಿ9 ಆಯಿತು. ಅದೇ ಹೊತ್ತಿಗೆ ವಾಷಿಂಗ್ಟನ್‌ನಲ್ಲಿ ಅಧ್ಯಕ್ಷ ಜಾರ್ಜ್ ಬುಷ್ (ಹಿರಿಯ ಬುಷ್) 43 ಬಗೆಯ ಅರೆ ಸ್ವಯಂಚಾಲಿತ ರೈಫಲ್‌ಗಳ ಆಮದನ್ನು ನಿಲ್ಲಿಸಿದ್ದರು. ಚೀನಾದ ನೊರಿಂಕೋ ಕಂಪನಿ ಹೆಚ್ಚು ಹೊತ್ತು ಯೋಚಿಸಲಿಲ್ಲ. ಬಯೊನೆಟ್ ಸಿಕ್ಕಿಸುವ ಕೊಕ್ಕೆ ಕಳಚಿ, ಪಿಸ್ತೂಲಿನಂಥ ಹಿಡಿಯ ಬದಲು ಹೆಬ್ಬೆರಳು ತೂರಿಸಲು ತೂತಿರುವ ಮರದ ಬಟ್ ಜೋಡಿಸಿ, ಮ್ಯಾಕ್-90 ಎಂದು ಹೆಸರಿಟ್ಟು ಅದೇ ಕಲಾಶ್ನಿಕೋವ್ ಮಾದರಿಯನ್ನು ‘ಕ್ರೀಡಾ ರೈಫಲ್’ ಆಗಿ ಹಡಗಿಗೆ ಏರಿಸಿತು. ನೋಡಲು ಥೇಟ್ ಊರುಗೋಲಿನಂತೆ ಕಾಣುತ್ತಿದ್ದ ಆ ಬಟ್‌ನಿಂದಾಗಿ ಗುಂಡಿನ ವೇಗವೇನೂ ತಗ್ಗಲಿಲ್ಲ. 1994ರಲ್ಲಿ ಕ್ಲಿಂಟನ್ ಚೀನಾದ ಬಂದೂಕುಗಳ ಆಮದನ್ನೇ ನಿಲ್ಲಿಸುವವರೆಗೂ ಅದು ಧಾರಾಳವಾಗಿ ಮಾರಾಟವಾಯಿತು.

1993ರ ಜುಲೈ 1ರಂದು ಸ್ಯಾನ್ ಫ್ರಾನ್ಸಿಸ್ಕೋದ 101 ಕ್ಯಾಲಿಫೋರ್ನಿಯಾ ಸ್ಟ್ರೀಟ್ ಕಟ್ಟಡದ ಕಾನೂನು ಕಚೇರಿಗೆ ನುಗ್ಗಿದವನ ಕೈಯಲ್ಲಿದ್ದದ್ದು ಎರಡು ಟೆಕ್-ಡಿಸಿ9ಗಳು. ಎಂಟು ಜನ ಸತ್ತರು. ಆ ಪಿಸ್ತೂಲುಗಳು ಬಂದದ್ದು ನೆವಾಡಾದಿಂದ. ಈ ಘಟನೆಯೂ ಸೇರಿ ಹುಟ್ಟಿದ ಒತ್ತಡದಿಂದ 1994ರ ಸೆಪ್ಟೆಂಬರ್ 13ರಂದು ಇಡೀ ದೇಶಕ್ಕೆ ಅನ್ವಯವಾಗುವ ನಿಷೇಧ ಬಂತು. ಅದರ ಆಯುಷ್ಯ ಹತ್ತೇ ವರ್ಷ ಎಂದು ಕಾಯ್ದೆಯಲ್ಲೇ ಬರೆದಿತ್ತು. ಈ ಕಾನೂನು ಹೆಸರುಗಳ ಜೊತೆಗೆ ಲಕ್ಷಣಗಳನ್ನೂ ಲೆಕ್ಕ ಹಾಕಿತು. ಕಳಚಬಹುದಾದ ಮ್ಯಾಗಜಿನ್ (ಗುಂಡು ತುಂಬುವ ಪೆಟ್ಟಿಗೆ) ಇರುವ ರೈಫಲ್‌ಗೆ ಪಿಸ್ತೂಲು ಹಿಡಿ, ಮಡಚುವ ಬಟ್, ಬಯೊನೆಟ್ ಕೊಕ್ಕೆ, ಬೆಂಕಿಯ ಮಿಂಚನ್ನು ತಗ್ಗಿಸುವ ಮೂತಿ, ಗ್ರೆನೇಡ್ ಲಾಂಚರ್ ಇವುಗಳಲ್ಲಿ ಎರಡಿದ್ದರೆ ನಿಷೇಧ. ಒಂದೇ ಇದ್ದರೆ ಅಡ್ಡಿಯಿಲ್ಲ. ಸರಿ, ಕಾರ್ಖಾನೆಗಳು ಪಿಸ್ತೂಲು ಹಿಡಿಯನ್ನು ಉಳಿಸಿಕೊಂಡು ಮಿಕ್ಕದ್ದನ್ನು ಕತ್ತರಿಸಿದವು. ಟೆಕ್ ಪಿಸ್ತೂಲಿನ ತಯಾರಕರಂತೂ ಹೊಸ ಮಾದರಿಗೆ ಎಬಿ-10 ಎಂದು ಹೆಸರಿಟ್ಟರು. ‘ನಿಷೇಧದ ನಂತರ’ ಎಂಬ ಅರ್ಥದ ಇಂಗ್ಲಿಷ್ ಪದಗಳ ಮೊದಲಕ್ಷರಗಳು ಅವು. ಇಷ್ಟು ರಾಜಾರೋಷದ ಕೊಂಕು ಉದ್ಯಮದ ಚರಿತ್ರೆಯಲ್ಲೇ ಅಪರೂಪ.

ಕ್ಯಾಲಿಫೋರ್ನಿಯಾ ಇದನ್ನೆಲ್ಲ ನೋಡಿ ತನ್ನ ಗೆರೆಯನ್ನು ಇನ್ನಷ್ಟು ಬಿಗಿ ಮಾಡಿತು. 1999ರಲ್ಲಿ, ಕೊಲಂಬೈನ್ ಶಾಲೆಯ ಹತ್ಯಾಕಾಂಡದ ಬೆನ್ನಿಗೇ, ಸೆನೆಟರ್ ಡಾನ್ ಪೆರಾಟಾ ಅವರ ಮಸೂದೆಗೆ ಗವರ್ನರ್ ಗ್ರೇ ಡೇವಿಸ್ ಸಹಿ ಹಾಕಿದರು. 2000ದ ಜನವರಿ 1ರಿಂದ ಕಳಚುವ ಮ್ಯಾಗಜಿನ್ ಜೊತೆಗೆ ಒಂದೇ ಒಂದು ಲಕ್ಷಣ ಇದ್ದರೂ ಸಾಕು, ಅದು ಅಸಾಲ್ಟ್ ವೆಪನ್. ಹತ್ತಕ್ಕಿಂತ ಹೆಚ್ಚು ಗುಂಡು ಹಿಡಿಸುವ ಮ್ಯಾಗಜಿನ್ನಿನ ತಯಾರಿ, ಆಮದು, ಮಾರಾಟಕ್ಕೂ ತಡೆ. ಕಾಗದದ ಮೇಲೆ ಇದು ಅಮೆರಿಕದಲ್ಲೇ ಅತಿ ಬಿಗಿಯಾದ ಕಾನೂನುಗಳಲ್ಲೊಂದು.

ಆದರೆ ‘ಕಳಚುವ ಮ್ಯಾಗಜಿನ್’ ಎಂದರೇನು? ಉಪಕರಣವಿಲ್ಲದೆ, ಬಂದೂಕಿನ ಯಂತ್ರಭಾಗವನ್ನು ಬಿಚ್ಚದೆ, ಸಲೀಸಾಗಿ ತೆಗೆಯಬಹುದಾದದ್ದು ಎಂದು ಇಲಾಖೆ ವಿವರಣೆ ಕೊಟ್ಟಿತು. ಉಪಕರಣ ಎಂದರೇನು? ಆಗ ಬಂತು ಆ ಸಾಲು. ಗುಂಡೂ ಉಪಕರಣವೇ.

ಅದನ್ನು ಯಾರಾದರೂ ಬಳಸಿಕೊಳ್ಳುವ ಮೊದಲು ಇನ್ನೊಂದು ಬಾಗಿಲು ತೆರೆಯಿತು. 2001ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಹ್ಯಾರಟ್ ಪ್ರಕರಣದಲ್ಲಿ ಒಂದು ತೀರ್ಪು ಕೊಟ್ಟಿತು: ‘ಎಆರ್-15 ಸರಣಿ’, ‘ಎಕೆ ಸರಣಿ’ ಎಂದು ಮೊಗಮ್ಮಾಗಿ ಬರೆದರೆ ಸಾಲದು, ಯಾವ ಕಂಪನಿಯ ಯಾವ ಮಾದರಿ ಎಂದು ಇಲಾಖೆಯ ಪಟ್ಟಿಯಲ್ಲಿ ಹೆಸರಿಸಿರಬೇಕು, ಇಲ್ಲದಿದ್ದರೆ ಸಾಮಾನ್ಯ ಮನುಷ್ಯನಿಗೆ ತಾನು ಅಪರಾಧ ಮಾಡುತ್ತಿದ್ದೇನೆಂದು ತಿಳಿಯುವುದಾದರೂ ಹೇಗೆ? ನ್ಯಾಯದ ಮಾತೇ. ಇದರ ಪೂರ್ಣ ಅರ್ಥ ಬಂದೂಕುದಾರರಿಗೆ ಹೊಳೆಯಲು ನಾಲ್ಕು ವರ್ಷ ಹಿಡಿಯಿತು. ಎಆರ್ ಮಾದರಿಯ ರೈಫಲ್‌ನಲ್ಲಿ ಕ್ರಮಸಂಖ್ಯೆ ಕೊರೆದಿರುವ ಕೆಳಗಿನ ಚೌಕಟ್ಟು, ಅಂದರೆ ಲೋವರ್ ರಿಸೀವರ್, ಅದೊಂದೇ ಕಾನೂನಿನ ಪ್ರಕಾರ ‘ಬಂದೂಕು’. ನಳಿಗೆ, ಬಟ್, ಹಿಡಿ ಎಲ್ಲವೂ ಬಿಡಿಭಾಗಗಳು. ಇಲಾಖೆ 2000ದಲ್ಲಿ ಪಟ್ಟಿ ಮಾಡಿದ ಮೇಲೆ ಎಷ್ಟೋ ಹೊಸ ಕಂಪನಿಗಳು ಅದೇ ಚೌಕಟ್ಟನ್ನು ಬೇರೆ ಬೇರೆ ಹೆಸರಿನಲ್ಲಿ ತಯಾರಿಸುತ್ತಿದ್ದವು. ಅವು ಪಟ್ಟಿಯಲ್ಲಿಲ್ಲ, ಆದ್ದರಿಂದ ನಿಷೇಧವಿಲ್ಲ.

2005ರ ಕೊನೆ, 2006ರ ಆರಂಭದಲ್ಲಿ ಕ್ಯಾಲಿಫೋರ್ನಿಯಾದ ಬಂದೂಕಿನ ಅಂಗಡಿಗಳಲ್ಲಿ ಈ ಅಲ್ಯುಮಿನಿಯಂ ಚೌಕಟ್ಟುಗಳಿಗೆ ಸಂತೆಯ ನೂಕುನುಗ್ಗಲು. ಹಿನ್ನೆಲೆ ತಪಾಸಣೆ, ಹತ್ತು ದಿನದ ಕಾಯುವಿಕೆ ಎಲ್ಲವನ್ನೂ ಪಾಲಿಸಿಯೇ ಕೊಳ್ಳುತ್ತಿದ್ದರು. ಒಬ್ಬೊಬ್ಬರು ನಾಲ್ಕೈದು ಕೊಂಡದ್ದೂ ಉಂಟು. ಬಂದೂಕು ಜೋಡಿಸುವುದಕ್ಕಿಂತ ಹೆಚ್ಚಿನ ಲೆಕ್ಕಾಚಾರ ಅದರಲ್ಲಿತ್ತು. ಇಲಾಖೆ ಎಚ್ಚೆತ್ತು ಈ ಹೊಸ ಹೆಸರುಗಳನ್ನು ಪಟ್ಟಿಗೆ ಸೇರಿಸಿಬಿಟ್ಟರೆ, ಆಗಲೇ ಕೊಂಡವರಿಗೆ ನೋಂದಣಿಯ ಅವಕಾಶ ಕೊಡಲೇಬೇಕು. ನೋಂದಾಯಿಸಿದ ಮೇಲೆ ಪಿಸ್ತೂಲು ಹಿಡಿ, ಮಡಚುವ ಬಟ್ ಎಲ್ಲವನ್ನೂ ಹಾಕಿಕೊಳ್ಳಬಹುದು! ನಿಷೇಧ ಬೇಗ ಬರಲಿ ಎಂದು ಬಂದೂಕುದಾರರೇ ಹಾರೈಸಿದ ವಿಚಿತ್ರ ಕಾಲ ಅದು. ಇಲಾಖೆ ಮೊದಲು ಪಟ್ಟಿ ಮಾಡುತ್ತೇನೆಂದಿತು, ಅನಂತರ ಈ ಲೆಕ್ಕಾಚಾರ ಅರಿವಾಗಿ ಹಿಂದೆ ಸರಿಯಿತು. ಕೊನೆಗೆ ಶಾಸನಸಭೆ ಹೊಸ ಹೆಸರು ಸೇರಿಸುವ ಅಧಿಕಾರವನ್ನೇ 2007ರಿಂದ ರದ್ದು ಮಾಡಿತು. ಪಟ್ಟಿ ಅಲ್ಲಿಗೆ ಹೆಪ್ಪುಗಟ್ಟಿತು. ಹೊರಗುಳಿದವರೆಲ್ಲ ಶಾಶ್ವತವಾಗಿ ಹೊರಗೆ.

ಉಳಿದದ್ದು ಲಕ್ಷಣಗಳ ಲೆಕ್ಕ. ಚೌಕಟ್ಟು ಕೊಂಡದ್ದಾಯಿತು, ಅದಕ್ಕೆ ಪಿಸ್ತೂಲು ಹಿಡಿ ಹಾಕಬೇಕೆಂದರೆ ಮ್ಯಾಗಜಿನ್ ಕಳಚುವಂತಿರಬಾರದು. ಆಗ ಹುಟ್ಟಿದ್ದೇ ‘ಬುಲೆಟ್ ಬಟನ್’.

ಸಾಮಾನ್ಯ ಎಆರ್ ರೈಫಲ್‌ನ ಬಲಬದಿಯಲ್ಲಿ ಒಂದು ಗುಂಡಿ ಇರುತ್ತದೆ. ತೋರುಬೆರಳಿನಿಂದ ಒತ್ತಿದರೆ ಮ್ಯಾಗಜಿನ್ ಜಾರಿ ಕೆಳಗೆ ಬೀಳುತ್ತದೆ. ಬುಲೆಟ್ ಬಟನ್‌ನಲ್ಲಿ ಆ ಗುಂಡಿಯನ್ನು ಒಂದು ಲೋಹದ ಬಳೆಯೊಳಗೆ ಹುದುಗಿಸಿರುತ್ತಾರೆ. ಬೆರಳು ಹೋಗದು, ಉಗುರೂ ಮುಟ್ಟದು. ಮೊನಚಾದ ಏನಾದರೂ ಬೇಕು. ಶೂಟಿಂಗ್ ರೇಂಜಿನಲ್ಲಿ ಹತ್ತು ಗುಂಡು ಖಾಲಿಯಾದ ಕೂಡಲೇ ಆಸಾಮಿ ಮೇಜಿನ ಮೇಲಿದ್ದ ಇನ್ನೊಂದು ಗುಂಡನ್ನು ಎತ್ತಿಕೊಂಡು, ಅದರ ತುದಿಯನ್ನು ಆ ಬಳೆಯೊಳಗೆ ಚುಚ್ಚುತ್ತಿದ್ದ. ಟಕ್ ಎಂದು ಮ್ಯಾಗಜಿನ್ ಕೆಳಗೆ. ಗುಂಡು ಉಪಕರಣ, ಉಪಕರಣ ಬಳಸಿ ತೆಗೆದದ್ದು ಕಳಚುವ ಮ್ಯಾಗಜಿನ್ ಅಲ್ಲ, ಆದ್ದರಿಂದ ಈ ರೈಫಲ್ ಅಸಾಲ್ಟ್ ವೆಪನ್ ಅಲ್ಲ. ತರ್ಕಶಾಸ್ತ್ರದ ಪಂಡಿತರೂ ತಲೆದೂಗುವಂಥ ಅನುಮಾನ. ಕೆಲವು ಸೆಕೆಂಡುಗಳ ವಿಳಂಬವಷ್ಟೇ ಕಾನೂನಿಗೆ ಸಲ್ಲಿಸಿದ ಕಪ್ಪ. ಆಮೇಲೆ ಆ ಬಳೆಗೆ ಅಂಟಿಸುವ ಪುಟ್ಟ ಅಯಸ್ಕಾಂತವೂ ಮಾರುಕಟ್ಟೆಗೆ ಬಂತು. ಅದು ಅಂಟಿದ ಕ್ಷಣ ಬಂದೂಕು ಮತ್ತೆ ಹಳೆಯದೇ ಆಗುತ್ತಿತ್ತು, ಇಟ್ಟುಕೊಂಡವನು ಅಪರಾಧಿಯೂ ಆಗುತ್ತಿದ್ದ.

ಇದನ್ನು ಕಾನೂನಿಗೆ ಮಾಡಿದ ಅಣಕ ಎಂದು ಬೈಯುವುದು ಸುಲಭ. ನನಗೆ ಅಷ್ಟು ಸರಳವಾಗಿ ಕಾಣುವುದಿಲ್ಲ. ಅಪರಾಧ ಮಾಡಲೆಂದೇ ಹೊರಟವನು ಈ ಬಳೆಗೆ ದುಡ್ಡು ಕೊಡುವುದಿಲ್ಲ. ಕೊಡುವವನು ಜೈಲಿಗೆ ಹೆದರುವ ಸಂಸಾರಸ್ಥ, ಕಾಯ್ದೆಯ ಅಕ್ಷರವನ್ನು ಅಂಗಡಿಯವನಿಗಿಂತ ಚೆನ್ನಾಗಿ ಬಲ್ಲವನು. ಅವನನ್ನೂ ಪೊಲೀಸರು ಬಿಡಲಿಲ್ಲ. ಬುಲೆಟ್ ಬಟನ್ ಇದ್ದ ರೈಫಲ್ ಕಂಡು ಬಂಧಿಸಿ, ಆಮೇಲೆ ಅದು ಸಕ್ರಮ ಎಂದು ಗೊತ್ತಾಗಿ ಆರೋಪ ಕೈಬಿಟ್ಟ ಪ್ರಕರಣಗಳು ಸ್ಯಾನ್ ಫ್ರಾನ್ಸಿಸ್ಕೋ ಸುತ್ತಿನ ಬೇ ಏರಿಯಾದಲ್ಲೇ ನಡೆದು ಫೆಡರಲ್ ನ್ಯಾಯಾಲಯದವರೆಗೂ ಹೋದವು. ರಸ್ತೆಯಲ್ಲಿ ನಿಂತ ಕಾನ್‌ಸ್ಟೇಬಲ್‌ಗೆ ಗುಂಡಿಯ ಸುತ್ತ ಬಳೆ ಇದೆಯೇ ಇಲ್ಲವೇ ಎಂದು ಬಗ್ಗಿ ನೋಡಿ ತೀರ್ಮಾನಿಸು ಎಂದರೆ ಅವನಾದರೂ ಏನು ಮಾಡಿಯಾನು?

ಈ ಗುಂಡಿಯನ್ನು ನಿಷೇಧಿಸಲು ಹಟ ಹಿಡಿದು ನಿಂತವರು ಸ್ಯಾನ್ ಫ್ರಾನ್ಸಿಸ್ಕೋದ ಸೆನೆಟರ್ ಲೀಲ್ಯಾಂಡ್ ಯೀ. ಮಕ್ಕಳ ಮನಶ್ಶಾಸ್ತ್ರಜ್ಞರಾಗಿದ್ದವರು, ಬಂದೂಕು ಹಿಂಸೆಯ ವಿರುದ್ಧ ಸಭೆಗಳಲ್ಲಿ ಗುಡುಗುತ್ತಿದ್ದವರು. 2012ರಲ್ಲಿ ಒಂದು ಮಸೂದೆ ತಂದರು, ಬಿತ್ತು. 2013ರಲ್ಲಿ ಇನ್ನೊಂದು ತಂದರು, ಅದೂ ಕಾನೂನಾಗಲಿಲ್ಲ. 2014ರ ಮಾರ್ಚ್ 26ರ ಬೆಳಿಗ್ಗೆ ಎಫ್‌ಬಿಐ ಅವರನ್ನು ಬಂಧಿಸಿತು. ಚುನಾವಣಾ ನಿಧಿಗಾಗಿ, ಮಾರುವೇಷದ ಏಜೆಂಟ್ ಒಬ್ಬನಿಗೆ ಫಿಲಿಪ್ಪೀನ್ಸ್‌ನಿಂದ ಯುದ್ಧದ ಆಯುಧಗಳನ್ನು ಕೊಡಿಸುವ ಮಾತುಕತೆ ನಡೆಸಿದ್ದರೆಂಬ ಆರೋಪ. 2015ರಲ್ಲಿ ತಪ್ಪೊಪ್ಪಿಕೊಂಡರು, 2016ರಲ್ಲಿ ಐದು ವರ್ಷದ ಸಜೆಯಾಯಿತು. ಬಂದೂಕುದಾರರ ಸಭೆಗಳಲ್ಲಿ ಇದಕ್ಕಿಂತ ಹೆಚ್ಚು ನಗೆ ತರಿಸಿದ ಸುದ್ದಿ ಇನ್ನೊಂದಿರಲಾರದು. ಬಂದೂಕು ನಿಯಂತ್ರಣದ ಪರ ಪ್ರಾಮಾಣಿಕವಾಗಿ ದುಡಿಯುತ್ತಿದ್ದವರಿಗೆ ಅದು ಹೇಗನ್ನಿಸಿರಬೇಕೆಂದು ಊಹಿಸಬಹುದು.

ಇದರ ನಡುವೆ ಶಾಸನಸಭೆ ಇನ್ನೂ ಮುಂದೆ ಹೋಗಿ, ಕಳಚುವ ಮ್ಯಾಗಜಿನ್ ಇರುವ ಎಲ್ಲ ಅರೆ ಸ್ವಯಂಚಾಲಿತ ರೈಫಲ್‌ಗಳನ್ನೂ ನಿಷೇಧಿಸುವ ಮಸೂದೆಯನ್ನು 2013ರಲ್ಲಿ ಅಂಗೀಕರಿಸಿತ್ತು. ಗವರ್ನರ್ ಜೆರ್ರಿ ಬ್ರೌನ್ ಅದನ್ನು ತಿರಸ್ಕರಿಸಿದರು. ಬೇಟೆಗಾರರೂ ಗುರಿ ಅಭ್ಯಾಸ ಮಾಡುವವರೂ ಇದರಡಿ ಸಿಕ್ಕಿಬೀಳುತ್ತಾರೆ ಎಂಬುದು ಅವರ ಅಳುಕು.

ಅಳುಕನ್ನು ಹಿಂದಕ್ಕೆ ಸರಿಸಿದ್ದು 2015ರ ಡಿಸೆಂಬರ್ 2. ಸ್ಯಾನ್ ಬರ್ನಾರ್ಡಿನೊದಲ್ಲಿ ಕೌಂಟಿಯ ಆರೋಗ್ಯ ಇಲಾಖೆಯ ನೌಕರರ ಕೂಟಕ್ಕೆ ನುಗ್ಗಿದ ದಂಪತಿ 14 ಜನರನ್ನು ಕೊಂದರು, 22 ಜನರನ್ನು ಗಾಯಗೊಳಿಸಿದರು. ಅವರ ಎರಡೂ ರೈಫಲ್‌ಗಳು ಎಆರ್ ಮಾದರಿಯವು, ಪರಿಚಿತನೊಬ್ಬ ಅಂಗಡಿಯಲ್ಲೇ ಕೊಂಡವು. ಒಂದರಲ್ಲಿ ಮ್ಯಾಗಜಿನ್ ಬೇಗ ಕಳಚುವಂತೆ ರಾಜ್ಯದ ನಿಯಮ ಮೀರಿ ಮಾರ್ಪಾಡು ಮಾಡಲಾಗಿತ್ತು, ಇನ್ನೊಂದನ್ನು ಪೂರ್ಣ ಸ್ವಯಂಚಾಲಿತ ಮಾಡುವ ವಿಫಲ ಯತ್ನ ನಡೆದಿತ್ತು. 2016ರ ಜುಲೈ 1ರಂದು ಬ್ರೌನ್ ಒಂದೇ ದಿನ ಹಲವು ಬಂದೂಕು ಮಸೂದೆಗಳಿಗೆ ಸಹಿ ಹಾಕಿದರು. ಬಂದೂಕುದಾರರು ಅದಕ್ಕೆ ‘ಗನ್‌ಮಗೆಡನ್’ ಎಂದು ಹೆಸರಿಟ್ಟರು. 2017ರ ಜನವರಿಯಿಂದ ಮ್ಯಾಗಜಿನ್ ಸ್ಥಿರ ಎನ್ನಿಸಿಕೊಳ್ಳಬೇಕಾದರೆ ಬಂದೂಕಿನ ಯಂತ್ರಭಾಗವನ್ನು ಬಿಚ್ಚದೆ ಅದು ಹೊರಬರಬಾರದು. ಗುಂಡು ಉಪಕರಣವಾಗಿದ್ದ ಕಾಲ ಮುಗಿಯಿತು.

2016ರ ಕೊನೆಯ ಆರು ತಿಂಗಳು ಅಂಗಡಿಗಳಲ್ಲಿ ಕಾಲಿಡಲು ಜಾಗವಿರಲಿಲ್ಲ. ನಿಷೇಧ ಬರುತ್ತದೆಂಬ ಸುದ್ದಿಗಿಂತ ದೊಡ್ಡ ಮಾರಾಟಗಾರ ಆ ಉದ್ಯಮಕ್ಕೆ ಸಿಕ್ಕಿಲ್ಲ. ಆಗಲೇ ಮನೆಯಲ್ಲಿದ್ದ ರೈಫಲ್‌ಗೆ ಏನು ಮಾಡುವುದು ಎಂಬ ಪ್ರಶ್ನೆ ಮಾತ್ರ ಕಠಿಣವಾಗಿತ್ತು. ನೋಂದಾಯಿಸಬಹುದಿತ್ತು. ಆನ್‌ಲೈನ್ ಅರ್ಜಿ, ಬಂದೂಕಿನ ಸ್ಪಷ್ಟ ಫೋಟೋಗಳು, ಶುಲ್ಕ. 2018ರ ಜೂನ್ 30ರ ಗಡುವು ಹತ್ತಿರವಾದಂತೆ ಸರ್ಕಾರದ ಜಾಲತಾಣ ಕೈಕೊಟ್ಟಿತು. ನೋಂದಾಯಿಸಲು ಯತ್ನಿಸಿ ಸೋತವರು ಮೊಕದ್ದಮೆ ಹೂಡಿದರು, ಕೊನೆಗೆ 2022ರಲ್ಲಿ ಸರ್ಕಾರ ಅವರಿಗಾಗಿ ಮೂರು ತಿಂಗಳು ಮತ್ತೆ ಬಾಗಿಲು ತೆರೆಯಬೇಕಾಯಿತು. ನೋಂದಾಯಿಸಿದ ಬಂದೂಕಿನಿಂದ ಬುಲೆಟ್ ಬಟನ್ ತೆಗೆಯುವಂತಿಲ್ಲ ಎಂಬ ನಿಯಮವೂ ಇತ್ತು. ಯಾವುದನ್ನು ಮೋಸ ಎಂದು ನಿಷೇಧಿಸಿದರೋ ಅದನ್ನೇ ಕಾಪಾಡಿಕೊಂಡು ಹೋಗಬೇಕೆಂದು ಕಾನೂನೇ ಹೇಳಿತು! ಇದಕ್ಕಿಂತ ನೋವಿನ ಮಾತು ಇನ್ನೊಂದು: ನೋಂದಾಯಿತ ಅಸಾಲ್ಟ್ ವೆಪನ್ ಆಸ್ತಿಯಂತೆ ಮಕ್ಕಳಿಗೆ ಹೋಗುವುದಿಲ್ಲ. ಮಾಲೀಕ ಸತ್ತ ಮೇಲೆ ವಾರಸುದಾರರು ಅದನ್ನು 90 ದಿನಗಳೊಳಗೆ ನಿಷ್ಕ್ರಿಯಗೊಳಿಸಬೇಕು, ಪರವಾನಗಿ ಇರುವ ವ್ಯಾಪಾರಿಗೆ ಮಾರಬೇಕು, ಇಲ್ಲವೇ ರಾಜ್ಯದಿಂದ ಹೊರಗೆ ಸಾಗಿಸಬೇಕು. ಅಪ್ಪನ ಬಂದೂಕು ಮಗನಿಗೆ ಎಂಬ ರೂಢಿ ಗಟ್ಟಿಯಾಗಿರುವ ಸಮಾಜದಲ್ಲಿ ಇದು ಸಣ್ಣ ವಿಷಯವಲ್ಲ. ನೋಂದಣಿಯನ್ನು ಬೇಡವೆಂದ ಎಷ್ಟೋ ಮಂದಿಗೆ ಸರ್ಕಾರದ ಭಯಕ್ಕಿಂತ ಈ ಲೆಕ್ಕವೇ ಮುಖ್ಯವಾಗಿದ್ದೀತು.

ಬೇಡವೆಂದವರಿಗೆ ಎರಡು ದಾರಿ ಇದ್ದವು. ಒಂದು, ಮ್ಯಾಗಜಿನ್ನನ್ನು ನಿಜವಾಗಿಯೂ ಸ್ಥಿರ ಮಾಡುವುದು. ಎಆರ್ ರೈಫಲ್‌ನ ಮೇಲಿನ ಭಾಗ, ಕೆಳಗಿನ ಭಾಗ ಎರಡು ಪಿನ್ನುಗಳಿಂದ ಜೋಡಿಕೊಂಡಿರುತ್ತವೆ. ಹಿಂದಿನ ಪಿನ್ ಎಳೆದು ಮೇಲ್ಭಾಗವನ್ನು ಕೊಂಚ ತೆರೆದರೆ ಮಾತ್ರ ಮ್ಯಾಗಜಿನ್ ಬಿಡುವಂತೆ ಮಾಡುವ ಬೀಗಗಳು ಬಂದವು. ಯಂತ್ರ ಬಿಚ್ಚಿದಂತೆ ಆಯಿತಲ್ಲ! ಅಂಗಡಿಗಳು ಇದನ್ನು ಎಷ್ಟು ಬೇಗ ಮಾಡಬಹುದೆಂದು ಪೈಪೋಟಿಗೆ ಇಳಿದವು.

ಇನ್ನೊಂದು ದಾರಿಗೆ ‘ಫೀಚರ್‌ಲೆಸ್’ ಎಂದು ಹೆಸರು. ಮ್ಯಾಗಜಿನ್ ಎಂದಿನಂತೆ ಬೆರಳಿನಿಂದಲೇ ಕಳಚಲಿ, ಲಕ್ಷಣಗಳನ್ನು ಒಂದೂ ಉಳಿಯದಂತೆ ತೆಗೆದರಾಯಿತು. ಹಿಂದೆ ಮುಂದೆ ಜರುಗುವ ಬಟ್‌ಗೆ ಪಿನ್ ಹೊಡೆದು ಒಂದೇ ಉದ್ದಕ್ಕೆ ನಿಲ್ಲಿಸಿದರು. ಆರಡಿ ಗಂಡ, ಐದಡಿ ಹೆಂಡತಿ ಒಂದೇ ರೈಫಲ್ ಬಳಸುವ ಮನೆಗಳಲ್ಲಿ ಇದು ದೂರಿಗೆ ಕಾರಣವಾಯಿತು. ಮಿಂಚು ತಗ್ಗಿಸುವ ಮೂತಿಯ ಜಾಗದಲ್ಲಿ ಹಿನ್ನೂಕು ತಗ್ಗಿಸುವ ಮಸಲ್ ಬ್ರೇಕ್ ಬಂತು. ಅದು ಸಕ್ರಮ, ಆದರೆ ಸದ್ದು ಹೆಚ್ಚು. ರೇಂಜಿನಲ್ಲಿ ಪಕ್ಕದವನ ಕಿವಿಗೆ ಬಡಿತ. ಮುಖ್ಯವಾದದ್ದು ಹಿಡಿ. ಪಿಸ್ತೂಲು ಹಿಡಿ ಎಂದರೆ ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಚರ್ಮ ಟ್ರಿಗರ್‌ನ ಮೇಲಂಚಿಗಿಂತ ಕೆಳಗೆ ಇಳಿಯುವಂತಿರುವುದು ಎಂದು ನಿಯಮ ಹೇಳಿತ್ತು. ಸರಿ, ಹಿಡಿಯ ಹಿಂದೆ ಮೀನಿನ ರೆಕ್ಕೆಯಂಥ ಒಂದು ಪ್ಲಾಸ್ಟಿಕ್ ಹಲಗೆ ಅಂಟಿಸಿದರು. ಹೆಬ್ಬೆರಳು ಆ ರೆಕ್ಕೆಯನ್ನು ದಾಟಿ ಆಚೆ ಸುತ್ತಲಾರದು, ನಾಲ್ಕು ಬೆರಳಿನ ಪಕ್ಕದಲ್ಲೇ ಪೆಚ್ಚಾಗಿ ನಿಲ್ಲುತ್ತದೆ. ಮಣಿಕಟ್ಟು ವಕ್ರವಾಗುತ್ತದೆ, ಹಿಡಿತ ಸಡಿಲ. ಮೊದಮೊದಲು ಎಲ್ಲರೂ ಶಾಪ ಹಾಕಿದರು. ವರ್ಷದೊಳಗೆ ಅಭ್ಯಾಸವಾಯಿತು, ಹತ್ತಾರು ವಿನ್ಯಾಸಗಳೂ ಬಂದವು.

ಹೀಗೆ ವಿರೂಪಗೊಂಡ ಎಆರ್ ಪಕ್ಕದಲ್ಲಿ ರೂಗರ್ ಮಿನಿ-14 ಎಂಬ ರೈಫಲ್ ಇಟ್ಟು ನೋಡಬೇಕು. ಮರದ ಬಟ್, ತಾತನ ಕಾಲದ ಬೇಟೆ ಬಂದೂಕಿನ ಚಹರೆ. ಅದೇ ಬಗೆಯ ಗುಂಡು, ಅದೇ ಅರೆ ಸ್ವಯಂಚಾಲಿತ ಯಂತ್ರ, ಬೆರಳಿನಿಂದ ಕಳಚುವ ಮ್ಯಾಗಜಿನ್. ಮರದ ಬಟ್‌ನ ಮಿನಿ-14ಕ್ಕೆ ಈ ಎಲ್ಲ ವರ್ಷಗಳಲ್ಲೂ ಅಡ್ಡಿ ಬರಲಿಲ್ಲ. ಕಾನೂನು ಬಂದೂಕಿನ ಕಸುವನ್ನು ಬಿಟ್ಟು ಮುಖವನ್ನು ನೋಡಿತು ಎಂಬ ಬಂದೂಕುದಾರರ ವಾದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಆ ವಾದದಲ್ಲಿ ಅವರು ಹೇಳದೆ ಬಿಡುವ ಭಾಗವೂ ಒಂದಿದೆ: ಲಕ್ಷಣಗಳಿಗೆ ಏನೂ ಅರ್ಥವಿಲ್ಲವಾದರೆ ಅವನ್ನು ಉಳಿಸಿಕೊಳ್ಳಲು ಇಷ್ಟು ಹಣ, ಇಷ್ಟು ಜಾಣ್ಮೆ ಏಕೆ ಸುರಿದರು?

ಬೇರೆ ರಾಜ್ಯಗಳಲ್ಲಿ ಜಾಣ್ಮೆಗಿಂತ ಮೌನವೇ ಉತ್ತರವಾಯಿತು. 2012ರ ಡಿಸೆಂಬರ್ 14ರಂದು ಕನೆಕ್ಟಿಕಟ್‌ನ ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಮಕ್ಕಳು, ಆರು ಮಂದಿ ಸಿಬ್ಬಂದಿ ಹತರಾದ ಮೇಲೆ ನ್ಯೂಯಾರ್ಕ್ 2013ರ ಜನವರಿಯಲ್ಲೇ ‘ಸೇಫ್ ಆಕ್ಟ್’ ತಂದಿತು. 2014ರ ಏಪ್ರಿಲ್ 15ರೊಳಗೆ ನೋಂದಾಯಿಸಿ ಎಂದಿತು. ಎಷ್ಟು ನೋಂದಣಿಯಾಯಿತೆಂದು ಹೇಳಲು ಸರ್ಕಾರ ಒಪ್ಪಲಿಲ್ಲ. ಕೋರ್ಟಿಗೆ ಹೋದ ಮೇಲೆ 2015ರಲ್ಲಿ ಲೆಕ್ಕ ಹೊರಬಿತ್ತು: 23,847 ಜನ, 44,485 ಬಂದೂಕುಗಳು. ಉದ್ಯಮದ ಅಂದಾಜಿನಲ್ಲಿ ಆ ರಾಜ್ಯದಲ್ಲಿದ್ದ ಇಂಥ ಬಂದೂಕುಗಳು ಹತ್ತು ಲಕ್ಷದ ಆಸುಪಾಸು. ಉದ್ಯಮದ ಅಂದಾಜನ್ನು ಅರ್ಧಕ್ಕಿಳಿಸಿ ನೋಡಿದರೂ ಹತ್ತರಲ್ಲಿ ಒಂಬತ್ತು ಬಂದೂಕು ಪುಸ್ತಕಕ್ಕೆ ಬರಲಿಲ್ಲ ಎಂದಾಯಿತು. ಉತ್ತರ ಭಾಗದ ಎಷ್ಟೋ ಶೆರಿಫ್‌ಗಳು ಇದನ್ನು ಜಾರಿ ಮಾಡಲು ಮನೆ ಮನೆ ಹತ್ತುವುದಿಲ್ಲ ಎಂದು ಬಹಿರಂಗವಾಗಿಯೇ ಹೇಳಿದ್ದರು. ಕನೆಕ್ಟಿಕಟ್‌ನಲ್ಲಿ 2013ರ ಕೊನೆಗೆ ಸುಮಾರು 50,000 ಬಂದೂಕುಗಳು ನೋಂದಣಿಯಾದವು; ಅಲ್ಲಿಯೂ ಹೊರಗುಳಿದವೇ ಹೆಚ್ಚೆಂಬ ಅಂದಾಜುಗಳಿವೆ.

ಕಾರ್ಯಾಗಾರ ಮತ್ತು ಕಪಾಟು ಬಿಟ್ಟರೆ ಮೂರನೆಯ ಅಖಾಡ ನ್ಯಾಯಾಲಯ. ಸ್ಯಾನ್ ಡಿಯಾಗೋದ ಫೆಡರಲ್ ನ್ಯಾಯಾಧೀಶ ರಾಜರ್ ಬೆನಿಟೆಜ್ 2019ರ ಮಾರ್ಚ್ 29ರಂದು ದೊಡ್ಡ ಮ್ಯಾಗಜಿನ್ ನಿಷೇಧವನ್ನು ರದ್ದು ಮಾಡಿದರು. ತಡೆಯಾಜ್ಞೆ ಜಾರಿಗೆ ಬಂದದ್ದು ಏಪ್ರಿಲ್ 5ರ ಸಂಜೆ ಐದಕ್ಕೆ. ನಡುವಿನ ಆ ಒಂದು ವಾರದಲ್ಲಿ ಹೊರರಾಜ್ಯಗಳ ಗೋದಾಮುಗಳಿಂದ ಕ್ಯಾಲಿಫೋರ್ನಿಯಾಕ್ಕೆ ಮ್ಯಾಗಜಿನ್‌ಗಳ ಪ್ರವಾಹವೇ ಹರಿಯಿತು. ಬಂದೂಕುದಾರರು ಅದನ್ನು ‘ಫ್ರೀಡಂ ವೀಕ್’ ಎನ್ನುತ್ತಾರೆ. ಆ ವಾರದಲ್ಲಿ ಕೊಂಡದ್ದಕ್ಕೆ ರಕ್ಷಣೆ ಉಂಟು ಎಂದು ಆದೇಶದಲ್ಲೇ ಇತ್ತು, ಮ್ಯಾಗಜಿನ್ ಮೇಲೆ ಕೊಂಡ ತಾರೀಖು ಬರೆದಿರುವುದಿಲ್ಲ. 2021ರ ಜೂನ್‌ನಲ್ಲಿ ಇದೇ ನ್ಯಾಯಾಧೀಶರು ಅಸಾಲ್ಟ್ ವೆಪನ್ ನಿಷೇಧವನ್ನೇ ಅಸಾಂವಿಧಾನಿಕ ಎಂದರು, ಎಆರ್-15ಅನ್ನು ಸ್ವಿಸ್ ಆರ್ಮಿ ಚಾಕುವಿಗೆ ಹೋಲಿಸಿ ದೇಶವಿಡೀ ಬೈಸಿಕೊಂಡರು. 2022ರಲ್ಲಿ ದೇಶದ ಸುಪ್ರೀಂ ಕೋರ್ಟ್ ಬ್ರೂಯೆನ್ ಪ್ರಕರಣದಲ್ಲಿ ಹೊಸ ಒರೆಗಲ್ಲು ಕೊಟ್ಟ ಮೇಲೆ 2023ರ ಅಕ್ಟೋಬರ್‌ನಲ್ಲಿ ಮತ್ತೆ ಅದೇ ತೀರ್ಪು. ಎರಡು ಸಲವೂ ಮೇಲಿನ ಕೋರ್ಟು ತಡೆ ಕೊಟ್ಟಿತು. 2025ರ ಮಾರ್ಚ್‌ನಲ್ಲಿ ಅದೇ ಮೇಲಿನ ಕೋರ್ಟು, 7-4ರ ಬಹುಮತದಿಂದ, ಹತ್ತು ಗುಂಡಿನ ಮಿತಿ ಸರಿಯೆಂದಿತು.

ಈ ಮೂವತ್ತೈದು ವರ್ಷದ ಚೌಕಾಶಿಯಲ್ಲಿ ಕಾರ್ಯಾಗಾರದವರ ಕೈಗೆ ಪೂರ್ತಿ ಸಿಗದೆ ಉಳಿದದ್ದು ಆ ಹತ್ತರ ಅಂಕಿ ಎಂದು ನನ್ನ ಎಣಿಕೆ. ಹಿಡಿಯ ಆಕಾರಕ್ಕೆ ರೆಕ್ಕೆ ಅಂಟಿಸಬಹುದು, ಗುಂಡಿಗೆ ಬಳೆ ತೊಡಿಸಬಹುದು, ಹೆಸರಿಗೆ ಹೊಸ ಹೆಸರು ಇಡಬಹುದು. ಹತ್ತಕ್ಕೆ ಇನ್ನೊಂದು ಅರ್ಥ ಹಚ್ಚುವುದು ಕಷ್ಟ. ಅದಕ್ಕಾಗಿ ಕೋರ್ಟಿಗೇ ಹೋಗಬೇಕಾಯಿತು, ಅಥವಾ ನೆವಾಡಾ, ಅರಿಜೋನಾದ ಗಡಿ ದಾಟಬೇಕಾಯಿತು.

ಕೊಲರಾಡೋ ರಾಜ್ಯ ಈ ಚರಿತ್ರೆಯನ್ನು ಓದಿಕೊಂಡೇ ಹೊರಟಂತೆ ಕಾಣುತ್ತದೆ. 2025ರ ಏಪ್ರಿಲ್ 10ರಂದು ಗವರ್ನರ್ ಜೇರೆಡ್ ಪೋಲಿಸ್ ಸಹಿ ಹಾಕಿದ ಕಾನೂನು ಹಿಡಿ, ಬಟ್, ಮೂತಿ ಯಾವುದನ್ನೂ ಎಣಿಸುವುದಿಲ್ಲ. ಕಳಚುವ ಮ್ಯಾಗಜಿನ್ ಇರುವ ಅರೆ ಸ್ವಯಂಚಾಲಿತ ರೈಫಲ್ ಬೇಕೆಂದವರು ಶೆರಿಫ್‌ನಿಂದ ಅರ್ಹತೆಯ ಚೀಟಿ ಪಡೆದು, ಸುರಕ್ಷತೆಯ ತರಬೇತಿ ಮುಗಿಸಿ ಬರಬೇಕು. ಜಾರಿಯ ದಿನ 2026ರ ಆಗಸ್ಟ್ 1 ಎಂದು ನಿಗದಿಯಾಯಿತು. ಆದರೆ ಆ ಕಾನೂನಿನ ಒಳಗೂ ಬಂದೂಕಿನ ಹೆಸರುಗಳದ್ದೊಂದು ಪಟ್ಟಿ ಇದೆ. ಈ ಸಲ ಅದು ವಿನಾಯಿತಿ ಪಡೆದವುಗಳ ಪಟ್ಟಿ.